ಮಾತೃಭಾಷೆಯ ಅಂಕಣ ಮತ್ತು ಹಾಡಿಯ ಉತ್ತರ

ಜನಗಣತಿಯ ನಮೂನೆಯಲ್ಲಿ ಮಾತೃಭಾಷೆಯ ಅಂಕಣದಷ್ಟು ಸರಳವಾದುದು ಬೇರೊಂದಿಲ್ಲ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಿದಾಗ ಈ ಸರಳತೆ ಉಳಿಯುವುದಿಲ್ಲ. ಕೃಷ್ಣರಾಜನಗರದ ಕಾವೇರಿ ಬಯಲಿನ ಬೇಸಾಯಗಾರ 'ಕನ್ನಡ' ಎಂದರೆ ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಬೈಲುಕುಪ್ಪೆಯ ನಿವಾಸಿ 'ಟಿಬೆಟನ್' ಎಂದರೂ ಅಷ್ಟೆ. ಆ ನುಡಿಗೆ ಲಿಪಿಯಿದೆ, ಗ್ರಂಥಗಳಿವೆ, ಮಠಗಳಿವೆ. ನಾಗರಹೊಳೆಯ ಅಂಚಿನ ಹಾಡಿಯಲ್ಲಿರುವ ಜೇನುಕುರುಬನ ಉತ್ತರವನ್ನು ಮಾತ್ರ ಹಾಗೆ ಓದಲಾಗದು.

ಮೊದಲನೆಯ ತೊಡಕು ಪ್ರಶ್ನೆಯದೇ. 1881ರಲ್ಲಿ ಕೇಳಿದ್ದು ಮಾತೃಭಾಷೆಯನ್ನು. 1891ರಲ್ಲಿ ಹೆತ್ತವರ ನುಡಿಯನ್ನು. 1901ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆಯನ್ನು. ಈ ಮೂರು ಪ್ರಶ್ನೆಗಳಿಗೆ ಒಬ್ಬನೇ ವ್ಯಕ್ತಿ ಮೂರು ಬಗೆಯಾಗಿ ಉತ್ತರಿಸಬಲ್ಲ. ಅವನ್ನು ಒಂದೇ ಸಾಲಿನಲ್ಲಿಟ್ಟು ಏರಿಳಿತ ಅಳೆಯುವುದು ಶಾಸ್ತ್ರೀಯವಲ್ಲ.

ಎರಡನೆಯದು ಹೆಸರಿನ ತೊಡಕು. 'ಕುರುಬ' ಎಂಬ ಒಂದೇ ಪದ ಬಯಲಿನ ಕುರಿಗಾಹಿ ಸಮುದಾಯವನ್ನೂ ಕಾಡಿನ ಜೇನುಕುರುಬ, ಬೆಟ್ಟಕುರುಬರನ್ನೂ ಸೂಚಿಸುತ್ತದೆ. ಬೆಟ್ಟಕುರುಬ ಎಂಬ ಹೆಸರು ಕಾಡುಕುರುಬ ಎಂಬುದರ ಪರ್ಯಾಯವೆಂದು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಲು 2022ರ ಡಿಸೆಂಬರಿನಲ್ಲಿ ಸಂಸತ್ತು ಮಸೂದೆಯನ್ನು ಅಂಗೀಕರಿಸಬೇಕಾಯಿತು. ಜಾತಿಯ ಹೆಸರೇ ಇಷ್ಟು ತಡವಾಗಿ ತಿಳಿಯಾಗಿರುವಾಗ ಭಾಷೆಯ ಹೆಸರು ಗೊಂದಲವಿಲ್ಲದೆ ದಾಖಲಾಗಿದೆ ಎಂದು ನಂಬುವುದು ಹೇಗೆ?

ಮೂರನೆಯದು ವರ್ಗೀಕರಣ. 2011ರ ಗಣತಿಯಲ್ಲಿ ಜನ ಹೇಳಿದ ಭಾಷಾನಾಮಗಳು 19,569. ಅವನ್ನು ಪರಿಷ್ಕರಿಸಿ 1,369 ಮಾತೃಭಾಷೆಗಳೆಂದು ಗುರುತಿಸಿ, ಕೊನೆಗೆ 121 ಭಾಷೆಗಳ ಅಡಿಯಲ್ಲಿ ಜೋಡಿಸಲಾಯಿತು. ಹತ್ತು ಸಾವಿರಕ್ಕಿಂತ ಕಡಿಮೆ ಜನರ ನುಡಿಗಳನ್ನು 1971ರಿಂದೀಚೆಗೆ ಹೆಸರಿಸಿ ಪ್ರಕಟಿಸುವ ಪದ್ಧತಿಯಿಲ್ಲ. ಈ ಜೋಡಣೆಯಲ್ಲಿ 'ಕುರುಬ/ಕುರುಂಬ' ಕನ್ನಡದ ಅಡಿಯಲ್ಲಿದೆ, 'ಯರವ' ಮಲಯಾಳಂನ ಅಡಿಯಲ್ಲಿದೆ. ಒಂದೇ ಕಾಡಿನ ನೆರೆಹೊರೆಯ ಹಾಡಿಗಳು ಎರಡು ರಾಜ್ಯಭಾಷೆಗಳ ಲೆಕ್ಕಕ್ಕೆ ಸಂದಿವೆ.

ಈ ಸಮಸ್ಯೆ ಇಲ್ಲಿಗೆ ಮಾತ್ರ ಸೀಮಿತವಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ 1891ರಲ್ಲಿ ಮೊದಲ ಬಾರಿಗೆ ಭಾಷೆಯ ಪ್ರಶ್ನೆ ಕೇಳಿದಾಗ, ಇಂಗ್ಲಿಷ್ ಬಲ್ಲವರೂ ಅಭಿಮಾನದಿಂದ 'ವೆಲ್ಷ್ ಮಾತ್ರ' ಎಂದು ಬರೆಸಿದರೆಂದು ಅಧಿಕಾರಿಗಳು ಸಂಶಯಿಸಿದರು. ಹಾಡಿಯ ಸ್ಥಿತಿ ಇದಕ್ಕೆ ವಿಲೋಮವಾದುದು. ಅಲ್ಲಿ ನುಡಿಯ ಅಭಿಮಾನ ಸಂಖ್ಯೆಯನ್ನು ಹಿಗ್ಗಿಸಿತೆಂಬ ಆಕ್ಷೇಪವಿತ್ತು. ಇಲ್ಲಿ ನುಡಿಯ ಬಗೆಗಿನ ಸಂಕೋಚ ಅದನ್ನು ಕುಗ್ಗಿಸಬಲ್ಲದು. ಎಣಿಕೆಗೆ ಬರುವವರು ಬಹುಮಟ್ಟಿಗೆ ಶಾಲೆಯ ಮೇಷ್ಟರು. ಅವರು ಕನ್ನಡದಲ್ಲಿ ಕೇಳುತ್ತಾರೆ, ಹಾಡಿಯವರು ಕನ್ನಡದಲ್ಲೇ ಉತ್ತರಿಸುತ್ತಾರೆ. ಆ ಉತ್ತರದ ಭಾಷೆಯೇ ಉತ್ತರವೆಂದು ದಾಖಲಾಗುವುದು ಅಸಹಜವೇನಲ್ಲ.

ಹಾಗೆಂದು ಗಣತಿಯ ನಿಯಮಗಳನ್ನು ದೂಷಿಸುವಂತಿಲ್ಲ. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಮಾತೇ ಮಾತೃಭಾಷೆ. ಅದಕ್ಕೆ ಲಿಪಿ ಇರಬೇಕಾಗಿಲ್ಲ. ಅದು ಭಾಷೆಯೋ ಉಪಭಾಷೆಯೋ ಎಂದು ನಿರ್ಣಯಿಸುವುದು ಗಣತಿದಾರನ ಕೆಲಸವಲ್ಲ. ಹೇಳಿದ್ದನ್ನು ಹೇಳಿದಂತೆ ಬರೆಯಬೇಕು. ನಿಯಮ ಇಷ್ಟು ಸ್ಪಷ್ಟವಾಗಿದೆ. ಕೊರತೆಯಿರುವುದು ಆಚರಣೆಯಲ್ಲಿ ಮತ್ತು ಪ್ರಕಟಣೆಯಲ್ಲಿ.

2027ರ ಗಣತಿಯ ಸಂದರ್ಭದಲ್ಲಿ ಎರಡು ಕೆಲಸ ಆಗಬೇಕು. ಈ ತಾಲ್ಲೂಕುಗಳ ಗಣತಿದಾರರಿಗೆ ಹಾಡಿಯ ನುಡಿಗಳ ಹೆಸರುಗಳನ್ನು ಮೊದಲೇ ಪರಿಚಯಿಸಬೇಕು. ಜನ ಹೇಳಿದ ಮೂಲ ಹೆಸರುಗಳನ್ನು, ವ್ಯಕ್ತಿಗಳ ಗುರುತು ಸಿಗದಂತೆ, ತಾಲ್ಲೂಕುವಾರು ಪ್ರಕಟಿಸಬೇಕು. ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನ 1969ರಿಂದ ಮೈಸೂರಿನಲ್ಲೇ ಇರುವಾಗ ಈ ಕಾರ್ಯಕ್ಕೆ ಬೇಕಾದ ವಿದ್ವತ್ತನ್ನು ದೂರದಿಂದ ತರಬೇಕಾಗಿಲ್ಲ.

ಜೇನುನುಡಿ ಕನ್ನಡದ ಒಂದು ಬಗೆಯೇ, ಸೋದರ ಭಾಷೆಯೇ ಎಂಬ ಚರ್ಚೆಯನ್ನು ಭಾಷಾಶಾಸ್ತ್ರಜ್ಞರು ನಡೆಸಲಿ. ಆದರೆ ಆ ಚರ್ಚೆಗೆ ಮುನ್ನ ಹಾಡಿಯ ತಾಯಿ ಹೇಳಿದ ಹೆಸರು ಕಾಗದದ ಮೇಲೆ ಉಳಿದಿರಬೇಕು. ಕನ್ನಡದ ಲೆಕ್ಕಕ್ಕೆ ಕೆಲವು ಸಾವಿರ ಕಡಿಮೆಯಾದರೆ ಕನ್ನಡಕ್ಕೆ ನಷ್ಟವಿಲ್ಲ. ಲೆಕ್ಕಕ್ಕೇ ಬಾರದ ನುಡಿಗಾದರೋ ಶಾಲೆಯಿಲ್ಲ, ಪಠ್ಯವಿಲ್ಲ, ಅದು ಅಳಿದರೆ ಅಳಿಯಿತೆಂಬ ದಾಖಲೆಯೂ ಇಲ್ಲ.