ಲೆಕ್ಕ ಎಲ್ಲಿಂದ ಶುರು?

ಪ್ರತಿ ತಿಂಗಳು ಮನೆಗೆ ಬರುವ ಕರೆಂಟ್ ಬಿಲ್ಲಿನಲ್ಲಿ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಈ ಅಂಕಿ ಗೊತ್ತಿದ್ದರೆ, ಪರಮಾಣು ಬೀಜಗಳನ್ನು ಬೆಸೆದು ಪಡೆಯುವ ಸಮ್ಮಿಲನ ಶಕ್ತಿಯ ಸುದ್ದಿಯನ್ನು ಯಾರು ಬೇಕಾದರೂ ತೂಗಿ ನೋಡಬಹುದು.

2022ರ ಡಿಸೆಂಬರ್ 5ರಂದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 192 ಲೇಸರ್ ಕಿರಣಗಳು ರಾಗಿ ಕಾಳಿನ ಗಾತ್ರದ ಗುಂಡೊಂದನ್ನು ಅದುಮಿದವು. ಅದರೊಳಗಿದ್ದ, ಜಲಜನಕದ ಭಾರದ ರೂಪಗಳಾದ ಡ್ಯುಟೀರಿಯಂ ಮತ್ತು ಟ್ರಿಟಿಯಂ ಬೆಸೆದು ಹೀಲಿಯಂ ಆಯಿತು. ಲೇಸರ್ ತಲುಪಿಸಿದ್ದು 20.5 ಲಕ್ಷ ಜೂಲ್, ಹೊರಬಂದದ್ದು 31.5 ಲಕ್ಷ. ಕೊಟ್ಟದ್ದಕ್ಕಿಂತ ಹೆಚ್ಚು ಬಂತೆಂದು ಜಗತ್ತೇ ಸಂಭ್ರಮಿಸಿತು. ಆದರೆ ಆ ಲೇಸರ್‌ಗಳನ್ನು ಹಾರಿಸಲು ಗೋಡೆಯ ತಂತಿಯಿಂದ ಎಳೆದದ್ದು ಸುಮಾರು 30 ಕೋಟಿ ಜೂಲ್. ನಮ್ಮ ಮೀಟರ್ ಲೆಕ್ಕದಲ್ಲಿ ಹೋದದ್ದು 83 ಯೂನಿಟ್, ಬಂದದ್ದು ಒಂದು ಯೂನಿಟ್‌ಗಿಂತ ಕಡಿಮೆ. ಅದೂ ವಿದ್ಯುತ್ತಾಗಿ ಅಲ್ಲ.

ಆ ಸಾಧನೆಯನ್ನು ಕಿರಿದು ಮಾಡಲು ಇದನ್ನು ಹೇಳುತ್ತಿಲ್ಲ. ಬೆಸೆಯುವುದೇ ಕಷ್ಟದ ಕೆಲಸ: ಪರಮಾಣುಗಳ ಬೀಜಗಳೆರಡೂ ಧನ ವಿದ್ಯುದಂಶದವು, ಹತ್ತಿರ ಬಂದಷ್ಟೂ ಒಂದನ್ನೊಂದು ದೂಡುತ್ತವೆ. ಸೂರ್ಯನ ಒಡಲಲ್ಲಿ 1.5 ಕೋಟಿ ಡಿಗ್ರಿ ತಾಪ ಸಾಕು, ಏಕೆಂದರೆ ಅಲ್ಲಿ ಅಗಾಧ ಗುರುತ್ವವಿದೆ, ಅವಸರವಿಲ್ಲ. ನಮ್ಮ ಯಂತ್ರಗಳಿಗೆ 10 ಕೋಟಿ ಡಿಗ್ರಿಗೂ ಹೆಚ್ಚು ಬೇಕು. ತಾಪ, ಸಾಂದ್ರತೆ, ಹಿಡಿದಿಡುವ ಹೊತ್ತು ಈ ಮೂರೂ ಕೂಡಿಬರಬೇಕೆಂಬ ಲೆಕ್ಕವನ್ನು ಬ್ರಿಟನ್ನಿನ ಜಾನ್ ಲಾಸನ್ 1955ರಲ್ಲೇ ಬರೆದಿಟ್ಟರು.

ಸಮ್ಮಿಲನವನ್ನು ಭೌತಶಾಸ್ತ್ರದ ಯಾವ ನಿಯಮವೂ ತಡೆಯುವುದಿಲ್ಲ. ಹಾಗೆಯೇ ಯಾವ ನಿಯಮವೂ ರಿಯಾಯಿತಿ ಕೊಡುವುದಿಲ್ಲ. ಇಲ್ಲಿ ಶಕ್ತಿ ಶೂನ್ಯದಿಂದ ಹುಟ್ಟುವುದಿಲ್ಲ. ಒಂದು ಕಿಲೋ ಇಂಧನ ಬೆಸೆದರೆ ನಾಲ್ಕು ಗ್ರಾಮಿಗಿಂತ ತುಸು ಕಡಿಮೆ ದ್ರವ್ಯ ಕರಗಿ ಶಕ್ತಿಯಾಗುತ್ತದೆ. ಅದರ ಶೇ 80ರಷ್ಟನ್ನು ಹೊತ್ತು ಓಡುವುದು ನ್ಯೂಟ್ರಾನ್. ಕೆಲವು ಯಂತ್ರಗಳಲ್ಲಿ ಬಿಸಿ ಇಂಧನವನ್ನು ಹಿಡಿದಿಡುವ ಕಾಂತಕ್ಷೇತ್ರವೂ ಅದನ್ನು ಹಿಡಿಯಲಾರದು, ಯಂತ್ರದ ಗೋಡೆಯೇ ತಡೆದು ಆ ಏಟು ತಿನ್ನಬೇಕು. ಟ್ರಿಟಿಯಂ ಸುಮಾರು 12 ವರ್ಷಗಳಲ್ಲಿ ಅರ್ಧ ಕರಗಿಹೋಗುತ್ತದೆ, ಸ್ಥಾವರದೊಳಗೇ ಲಿಥಿಯಂನಿಂದ ಅದನ್ನು ತಯಾರಿಸಿಕೊಳ್ಳುತ್ತಿರಬೇಕು.

1955ರ ಜಿನೀವಾ ಅಣುಶಕ್ತಿ ಸಮ್ಮೇಳನದ ಅಧ್ಯಕ್ಷ ಪೀಠದಿಂದ ಹೋಮಿ ಭಾಭಾ, ಎರಡು ದಶಕಗಳಲ್ಲಿ ಸಮ್ಮಿಲನ ಶಕ್ತಿ ಹತೋಟಿಗೆ ಬರುತ್ತದೆ ಎಂದಿದ್ದರು. ಭೌತಶಾಸ್ತ್ರದಲ್ಲಿ ಅವರು ತಪ್ಪಲಿಲ್ಲ, ಕಾಲದ ಅಂದಾಜಿನಲ್ಲಿ ತಪ್ಪಿದರು. ಆ ಪ್ರಯತ್ನ ಇಂದಿಗೂ ನಡೆದಿದೆ: ಫ್ರಾನ್ಸಿನಲ್ಲಿ ಭಾರತವೂ ಪಾಲುದಾರನಾಗಿ ಕಟ್ಟುತ್ತಿರುವ ಇಟರ್ ಸಮ್ಮಿಲನ ಯಂತ್ರವನ್ನು ಆವರಿಸುವ ಬೃಹತ್ ಉಕ್ಕಿನ ಹೊರಗವಚವಾದ ಕ್ರಯೊಸ್ಟಾಟ್‌ನ ಭಾಗಗಳು ಗುಜರಾತಿನ ಹಜೀರಾದಲ್ಲೇ ತಯಾರಾದವು. 50 ಮೆಗಾವಾಟ್ ಶಾಖ ಕೊಟ್ಟು 500 ಪಡೆಯುವುದು ಅದರ ಗುರಿ. 2024ರ ಹೊಸ ವೇಳಾಪಟ್ಟಿಯಂತೆ ಟ್ರಿಟಿಯಂ ಹಾಕಿ ನಡೆಸುವ ಪ್ರಯೋಗ 2039ಕ್ಕೆ. ಆಗಲೂ ಅದು ವಿದ್ಯುತ್ ಉತ್ಪಾದಿಸುವುದಿಲ್ಲ.

ಆದ್ದರಿಂದ ವಿಜ್ಞಾನಿಗಳಿಗೂ ಪತ್ರಿಕೆಗಳಿಗೂ ನನ್ನ ಕೋರಿಕೆ ಒಂದೇ: ಲೆಕ್ಕ ಗೋಡೆಯ ತಂತಿಯಿಂದ ಶುರುವಾಯಿತೋ ಇಂಧನದ ಗುಂಡಿನಿಂದಲೋ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ಇದು ಜನರ ದುಡ್ಡಿನಿಂದ ನಡೆಯುವ, ತಲೆಮಾರುಗಳ ಕೆಲಸ. ನಾಳೆಯೇ ಬರುತ್ತದೆಂದು ನಂಬಿಸಿದರೆ ನಾಡಿದ್ದು ಜನ ಬೇಸತ್ತು ಕೈಬಿಡುತ್ತಾರೆ. 83 ಯೂನಿಟ್ ಹೋಗಿ ಒಂದೂ ಪೂರ್ತಿ ಬರಲಿಲ್ಲ ಎಂದು ತಿಳಿದೂ ಇದಕ್ಕೆ ಹಣ ಕೊಡೋಣ ಎನ್ನುವವರೇ ಕೊನೆತನಕ ಜೊತೆಗಿರುವವರು.