ಪುಂಡಿ ಪಲ್ಯದ ಮೇಲಿನ ಅಪವಾದ

ಬೀದರ ಜಿಲ್ಲೆಯ ಜನವಾಡದ ಮೆಡಿಕಲ್ ಅಂಗಡಿಯೊಂದರ ಮುಂದೆ ಕಿವಿಗೆ ಬಿದ್ದ ಮಾತಿದು. ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಕೇಳುತ್ತಿದ್ದರು: "ತಮ್ಮಾ, ಪುಂಡಿ ಪಲ್ಯ ಬ್ಯಾಡಂದ್ರ ರೊಟ್ಟಿಗಿ ಯಾನ್ ಹಚ್ಕೊಂಡು ಉಣ್ಲಿ?" ಅಂಗಡಿ ಹುಡುಗ ತಲೆ ಎತ್ತಲಿಲ್ಲ. "ರಕ್ತ ತೆಳ್ಳಗ ಮಾಡೋ ಗುಳಿಗಿ ಅದ ಕಾಕಾ, ಹಸರ ಪಲ್ಯ ಎಲ್ಲಾ ಬಂದ್" ಎಂದು ಗುಳಿಗೆ ಸ್ಟ್ರಿಪ್ಪು ಕತ್ತರಿಸಲು ಕತ್ತರಿ ಕೈಗೆತ್ತಿಕೊಂಡ. ಆ ತೀರ್ಪು ವಾರವಿಡೀ ನನ್ನನ್ನು ಕೊರೆಯುತ್ತಿದೆ.

ಪುಂಡಿ ಪಲ್ಯದಂಥ ಸೊಪ್ಪಿಗೂ ರಕ್ತ ತೆಳುವಾಗಿಸುವ ಒಂದು ಬಗೆಯ ಗುಳಿಗೆಗೂ ಜಗಳವಿರುವುದು ನಿಜ. ಆ ಗುಳಿಗೆಯ ಮೂಲ ದನದ ಕೊಟ್ಟಿಗೆಯಲ್ಲಿದೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ಬಯಲುಗಳಲ್ಲಿ ಕೊಂಬು ಕೊಯ್ದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವೇ ಕಾರಣವೆಂದು ತೋರಿಸಿದವನು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್. 1933ರ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕಡಸನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೇರಿಕೊಂಡು ಹಿಮಗಾಳಿಯಲ್ಲಿ ಮ್ಯಾಡಿಸನ್‌ಗೆ ಬಂದ. ಶನಿವಾರವಾದ್ದರಿಂದ ಸರ್ಕಾರಿ ಪಶುವೈದ್ಯರ ಕಚೇರಿಗೆ ಬೀಗ. (ಸರ್ಕಾರಿ ಕಚೇರಿ ಎಲ್ಲ ದೇಶದಲ್ಲೂ ಒಂದೇ ಜಾತಿ.) ಹೀಗೆ ಆ ರಕ್ತ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಾಲಯ ಸೇರಿತು. ಅಲ್ಲಿ ಮೊದಲು ರಕ್ತ ಹೆಪ್ಪುಗಟ್ಟದಂತೆ ಮಾಡುವ ಡೈಕುಮರಾಲ್ ಸಿಕ್ಕಿತು. 1948ರಲ್ಲಿ ಅದರದೇ ಬಳಗದ ವಾರ್ಫರಿನ್ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಿಂದ ಮನುಷ್ಯರಿಗೂ ಅದೇ ಔಷಧವಾಯಿತು. ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್‌ಗೂ ಅದನ್ನೇ ಕೊಟ್ಟರು. ದೇವಣಿ ದನ ಕಟ್ಟಿದ ನಮ್ಮ ಔರಾದ, ಭಾಲ್ಕಿ ಕಡೆಯ ರೈತರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಎಳೆ ಜೋಳಕ್ಕೆ ಬಾಯಿ ಹಾಕಿದ ಹಸು ಏನಾಗುತ್ತದೆಂದು ಅವರು ಕಂಡವರೇ, ಅಲ್ಲಿನ ವಿಷ ಬೇರೆಯಾದರೂ.

ವಾರ್ಫರಿನ್ ಮತ್ತು ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವ ಅಸೆನೊಕುಮರಾಲ್, ಎರಡೂ ವಿಟಮಿನ್ ಕೆ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಸೊಪ್ಪಿನಲ್ಲಿರುವುದು ಅದೇ ವಿಟಮಿನ್. ಹಾಗೆಂದು ಸೊಪ್ಪನ್ನೇ ಬಿಡಬೇಕಿಲ್ಲ. ರೋಗಿ ಉಣ್ಣುವ ಊಟಕ್ಕೆ ಹೊಂದುವಂತೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ನೋಡಿ ಗುಳಿಗೆಯ ಪ್ರಮಾಣ ಗೊತ್ತುಮಾಡುತ್ತಾರೆ. ವಾರ ವಾರವೂ ಸುಮಾರು ಒಂದೇ ಹದದಲ್ಲಿ ತಿಂದರಾಯಿತು. ತಿಂಗಳುಗಟ್ಟಲೆ ಸೊಪ್ಪು ಮುಟ್ಟದೆ ಎಳ್ಳಮಾವಾಸ್ಯೆಗೆ ಗಂಗಾಳ ತುಂಬ ಸೊಪ್ಪಿನ ಭಜ್ಜಿ ಉಂಡರೆ ಲೆಕ್ಕ ತಪ್ಪುತ್ತದೆ. ದಿನಾ ತಿನ್ನುತ್ತಿದ್ದವರು ಒಮ್ಮೆಲೇ ಬಿಟ್ಟರೂ ಅಷ್ಟೇ, ಆಗ ರಕ್ತಸ್ರಾವದ ಭಯ. ಇನ್ನು ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳಿಗೆ ಸೊಪ್ಪಿನ ಹಂಗೇ ಇಲ್ಲ. ಊರಲ್ಲಿ ಮಾತ್ರ ಅವಕ್ಕೂ 'ರಕ್ತ ತೆಳ್ಳಗಿನ ಗುಳಿಗಿ' ಎಂದೇ ಹೆಸರು.

ಹಾಗಾದರೆ ಕಾಕಾ ನುಂಗುವುದು ಯಾವುದನ್ನು? ಸ್ಟ್ರಿಪ್ಪು ಇಸಿದುಕೊಂಡು ನೋಡಿದೆ. ಆರು ಗುಳಿಗೆ ಉಳಿದಿದ್ದವು. ಹೆಸರೂ ಅವಧಿಯೂ ಕತ್ತರಿಗೆ ಆಹುತಿಯಾಗಿ 'ಮಿ.ಗ್ರಾಂ' ಎಂಬಷ್ಟೇ ಉಳಿದಿತ್ತು. ಈ ಕತ್ತರಿಯ ಮೇಲಿನ ನನ್ನ ಸಿಟ್ಟು ಹಳೆಯದು. ಹೆಸರಿಲ್ಲದ ಗುಳಿಗೆಗೆ ಪಥ್ಯ ಹೇಳುವುದಾದರೂ ಹೇಗೆ?

ಅದೇ ಪ್ಲಾಸ್ಟಿಕ್ ಚೀಲದಲ್ಲಿ ಇನ್ನೊಂದು ಗುಳಿಗೆಯಿತ್ತು. ಪುಣ್ಯಕ್ಕೆ ಅದರ ಹೆಸರು ಉಳಿದಿತ್ತು: ಡೈಕ್ಲೊಫೆನಾಕ್. ಮೊಣಕಾಲು ನೋವಿಗೆ ಉದಗೀರದಲ್ಲಿ ಬರೆಸಿಕೊಂಡದ್ದಂತೆ. ಇಷ್ಟು ಹೊತ್ತು ಸೊಪ್ಪಿನ ಹಿಂದೆ ಬಿದ್ದಿದ್ದ ನನಗೆ ಕೇಳಬೇಕಾದ ಪ್ರಶ್ನೆ ಆಗ ಹೊಳೆಯಿತು. ರಕ್ತ ತೆಳುವಾಗಿಸುವ ಗುಳಿಗೆ ಯಾವುದೇ ಇರಲಿ, ಅದರ ಜೊತೆ ಈ ನೋವಿನ ಗುಳಿಗೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಹೆಚ್ಚುತ್ತದೆ. ಮಲ ಡಾಂಬರಿನಂತೆ ಕಪ್ಪಾದಾಗಲೇ ಎಷ್ಟೋ ಮಂದಿಗೆ ತಿಳಿಯುವುದು. ಪಲ್ಯ ಬಂದ್ ಮಾಡಿಸಿದವರು ಇದರ ಸುದ್ದಿ ಎತ್ತಿರಲಿಲ್ಲ. ರಕ್ತ ತೆಳುವಾಗಿಸುವ ಗುಳಿಗೆ ಬರೆದ ಎದೆಯ ಚೀಟಿ ಹೈದರಾಬಾದಿನದು, ಮೊಣಕಾಲಿನದು ಮಹಾರಾಷ್ಟ್ರದ್ದು, ಮಲಬದ್ಧತೆಯ ಪುಡಿ ಬೀದರಿನ ಹಕೀಮರದು. ಎರಡು ರಾಜ್ಯಗಳ ಗಡಿಗೆ ಆತುಕೊಂಡ ಜಿಲ್ಲೆಯಲ್ಲಿ ಇದು ಮನೆಮನೆಯ ಕಥೆ. ಮೂರೂ ಚೀಟಿಗಳನ್ನು ಒಟ್ಟಿಗೆ ನೋಡಿದವರು ಯಾರೂ ಇಲ್ಲ.

ಹೆದರಿ ಎದೆಯ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಯಾವ ಊರಿನ ದವಾಖಾನೆಗೇ ಹೋಗಿ, ಚೀಟಿ, ಗುಳಿಗೆ, ಪುಡಿ, ಕಷಾಯ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ದು ವೈದ್ಯರ ಮೇಜಿನ ಮೇಲೆ ಸುರುವಿರಿ. ಅಂಗಡಿಯವರೇ, ಕತ್ತರಿಸಲೇಬೇಕಿದ್ದರೆ ಲಕೋಟೆಯ ಮೇಲೆ ಗುಳಿಗೆಯ ಹೆಸರು, ಅವಧಿ ಬರೆದುಕೊಡಿ, ಕನ್ನಡದಲ್ಲಿ.