ಖಾಲಿ ಕುರ್ಚಿಯ ಬಡ್ಡಿ ಕಟ್ಟೋರು ಯಾರು?

ನಾಡಕಚೇರಿಗೆ ಹೋಗಿ ನೋಡಿ. ಮೇಜಿದೆ, ಕುರ್ಚಿಯಿದೆ, ಕಂಪ್ಯೂಟರೂ ಇದೆ. ಕೂರೋ ಮನುಷ್ಯ ಇಲ್ಲ. ಕೇಳಿದರೆ, 'ಅವರಿಗೆ ಪಕ್ಕದ ವೃತ್ತದ ಪ್ರಭಾರವೂ ಇದೆ, ಗುರುವಾರ ಬನ್ನಿ' ಅಂತಾರೆ. ಗುರುವಾರ ಹೋದರೆ ಸಾಹೇಬರು ಮತದಾರರ ಪಟ್ಟಿ ಹಿಡಿದು ಇನ್ನೊಂದೂರಲ್ಲಿ!

1961ರ ಕಾಯಿದೆ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳನ್ನು ರದ್ದು ಮಾಡಿತು. ಒಳ್ಳೆಯದೇ ಆಯಿತು, ಆ ದರ್ಬಾರು ನಮ್ಮ ಹಿರಿಯರಿಗೆ ಗೊತ್ತು. ಆ ಜಾಗಕ್ಕೆ ಬಂದ ಗ್ರಾಮಲೆಕ್ಕಿಗರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ದೊಡ್ಡ ಹೆಸರು. ಪಿಂಚಣಿ, ಜಾತಿ-ಆದಾಯ ವರದಿ, ಬೆಳೆಹಾನಿ ಲೆಕ್ಕ, ಪಹಣಿಗೆ ಆಧಾರ್ ಜೋಡಣೆ, ಎಲ್ಲಾ ಅವರ ತಲೆಗೇ. 2024ರ ಸೆಪ್ಟೆಂಬರಿನಲ್ಲಿ ಅವರೇ ಮುಷ್ಕರಕ್ಕೆ ಇಳಿದಾಗ ನಮ್ಮಲ್ಲಿ ಕೆಲವರು ಬೈದರು. ಬೈಯೋದಕ್ಕೆ ಕಾರಣಗಳಿವೆ, ಲಂಚದ ಮಾತು ಬೇರೆ. ಆದರೆ ಹೊರೆ ಹೆಚ್ಚಾಯಿತು ಎಂಬ ಅವರ ದೂರು ಸುಳ್ಳಲ್ಲ.

ಪೆಟ್ಟು ಬೀಳೋದು ಮಾತ್ರ ನಮಗೆ. ಹೊಲದಲ್ಲಿ ರಾಗಿ ತೆನೆ ತೂಗುತ್ತಿದೆ, ಬೆಳೆ ಸಮೀಕ್ಷೆಯಲ್ಲಿ ಬೀಳು ಅಂತ ನಮೂದಾಗಿದೆ. ಬೆಂಬಲ ಬೆಲೆ ಕೇಂದ್ರದವರು ನಿಮ್ಮ ರಾಗಿ ನೋಡೋಲ್ಲ, ದಾಖಲೆ ನೋಡ್ತಾರೆ. ತಿದ್ದುಪಡಿಗೆ ಅರ್ಜಿ ಕೊಟ್ಟು ಅಲೆಯೋ ಹೊತ್ತಿಗೆ ನೋಂದಣಿ ಮುಗಿದಿರುತ್ತೆ. ಆಮೇಲೆ ಮಂಡಿಯವನು ಹೇಳಿದ್ದೇ ರೇಟು. ಅಷ್ಟರಲ್ಲಿ ಸೊಸೈಟಿ ಸಾಲದ ವಾಯಿದೆ ದಾಟುತ್ತೆ. ಬಡ್ಡಿಯಿಲ್ಲದ ಸಾಲ ಅನ್ನೋದು ವಾಯಿದೆಗೆ ಸರಿಯಾಗಿ ಕಟ್ಟಿದವನಿಗೆ ಮಾತ್ರ ತಾನೆ?

ಫಸಲ್ ಬಿಮಾದ್ದೂ ಇದೇ ಕಥೆ. ಒಂದು ಪಂಚಾಯಿತಿಯ ಮುಖ್ಯ ಬೆಳೆಗೆ ನಾಲ್ಕು ಕಡೆ ಕೊಯ್ಲು ಪ್ರಯೋಗ. ಆ ನಾಲ್ಕು ತುಂಡು ನೆಲದ ತೂಕದ ಮೇಲೆ ಇಡೀ ಪಂಚಾಯಿತಿಯ ಪರಿಹಾರ ನಿಂತಿದೆ. ಎರಡು ವೃತ್ತ ಸುತ್ತುವ ಒಬ್ಬ ನೌಕರ ಕೊಯ್ಲಿನ ದಿನಕ್ಕೇ ಬಂದು ನಿಂತು ತೂಗುತ್ತಾನೆಂದು ಯಾರು ನಂಬಬೇಕು?

2011ರ ಸಕಾಲ ಕಾಯಿದೆಯಲ್ಲಿ ತಡವಾದ ಸೇವೆಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ನಮ್ಮ ಸಾಲದ ಬಡ್ಡಿ 500ಕ್ಕೆ ನಿಲ್ಲುತ್ತದೆಯೇ? ಹುದ್ದೆ ಖಾಲಿ ಬಿಟ್ಟರೆ ಸರ್ಕಾರಕ್ಕೆ ಸಂಬಳ ಉಳಿಯುತ್ತೆ. ಆ ಉಳಿತಾಯ ಬಂದದ್ದು ನಮ್ಮ ಕಿಸೆಯಿಂದ.

ಹುದ್ದೆ ತುಂಬಲಿ. ತುಂಬುವ ತನಕ, ಕಚೇರಿಯ ತಡದಿಂದ ವಾಯಿದೆ ದಾಟಿದ ಸಾಲದ ಬಡ್ಡಿಯನ್ನು ಸರ್ಕಾರವೇ ಹೊರಲಿ. ರೈತ ಬಾಂಧವರೇ, ಇನ್ನು ಮುಂದೆ ಅರ್ಜಿ ಕೊಟ್ಟಾಗ ತಾರೀಕು ಹಾಕಿದ ಸ್ವೀಕೃತಿ ಇಸ್ಕೊಳ್ಳದೆ ಕಚೇರಿ ಮೆಟ್ಟಿಲು ಇಳಿಯಬೇಡಿ. ಸೊಸೈಟಿಯಲ್ಲಿ ಬಡ್ಡಿ ಕೇಳಿದ ದಿನ ಆ ಚೀಟಿಯನ್ನೇ ಮುಂದಿಡೋಣ.